ಬಂಡೆಯ ಮೇಲೊಂದು ಹಾಯಿಹಡಗು

ಹೊಸೂರು ಪಟ್ಟಣಕ್ಕೂ ಕಡಲಿಗೂ ಇರುವ ನಂಟು ದಕ್ಷಿಣ ಪಿನಾಕಿನಿಯ ಮೂಲಕ ಬಂದದ್ದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಬೆಂಗಳೂರಿನ ಪೂರ್ವದ ಮಗ್ಗುಲನ್ನು ಬಳಸಿ ಬಂದು, ಕೆಲವರಪಳ್ಳಿಯ ಜಲಾಶಯದಲ್ಲಿ ನೊರೆಯುಗುಳುತ್ತ ತಂಗಿ, ಕೃಷ್ಣಗಿರಿಯ ಅಣೆಕಟ್ಟನ್ನು ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೀರು ಹೋಗಿ ಸೇರುವ ಕಡಲನ್ನು ಮಾತ್ರ ನಮ್ಮ ಜನರಲ್ಲಿ ಕಂಡವರು ವಿರಳ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಬಂಡೆಗಳ ನಡುವೆ ರಾಗಿ ಬೆಳೆದು ಬದುಕಿದ ಸೀಮೆ ಇದು. ತೇಲುವ ವಸ್ತುವೆಂದರೆ ನಮಗೆ ದೇವರ ತೆಪ್ಪ. ಅದರಾಚೆ, ಹೊಗೇನಕಲ್ಲಿನ ಹರಿಗೋಲು. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ; ದಡಕ್ಕೆ ಬಂದೊಡನೆ ಬೋರಲು ಹಾಕಿದರೆ ಅದರ ಪಾಡಿಗೆ ಅದು ನಿಶ್ಚಿಂತೆಯಿಂದ ಮಲಗಿರುತ್ತದೆ. ಹಡಗಿನ ಸ್ವಭಾವ ಹಾಗಲ್ಲ. ನೀರನ್ನು ಬಿಟ್ಟ ಹಡಗು ತನ್ನಷ್ಟಕ್ಕೆ ತಾನು ನಿಲ್ಲಲಾರದು.

ತಳಿಯ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಕಳೆದ ಕೆಲವು ತಿಂಗಳಿಂದ ಮೂರು ಕೂವೆಮರಗಳ ಹಾಯಿಹಡಗೊಂದು ನಿಂತಿದೆ. ಪ್ಲಾಸ್ಟಿಕ್ಕಿನದು. ಮೂಗಿನ ತುದಿಯಿಂದ ಬಾಲದವರೆಗೆ ಒಂದು ಮೀಟರಿಗೆ ತುಸು ಕಡಿಮೆ. ಎತ್ತರ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು ಕಟ್ಟಿದವರು ನನ್ನ ಸೋದರಮಾವ. ಹೊಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಪ್ಲಾಸ್ಟಿಕ್ ಅಚ್ಚುಗಳನ್ನು ಮಾಡುವುದೇ ಅವರ ಮೂವತ್ತು ವರ್ಷದ ವೃತ್ತಿಯಾಗಿತ್ತು. ಹಡಗಿನ ಕೆಲಸ ಅವರಿಗೆ ಹನ್ನೊಂದು ವರ್ಷಗಳ ಭಾನುವಾರಗಳನ್ನು ತೆಗೆದುಕೊಂಡಿತು. ಈಗ ಅವರ ಬಲಗೈ ನಡುಗುತ್ತದೆ, ಎಡಗಣ್ಣು ಮಂಜಾಗಿದೆ. ಅದರ ಹಗ್ಗಜಾಲದಲ್ಲಿ ಒಂದು ಎಳೆ ಹರಿದರೂ ಅದನ್ನು ಮತ್ತೆ ಕಟ್ಟುವ ಕೈ ಆ ಮನೆಯಲ್ಲಿಲ್ಲ. ಮಕ್ಕಳಿಬ್ಬರೂ ದೂರ ದೇಶದಲ್ಲಿದ್ದಾರೆ. ತಾವು ಓದಿದ ಶಾಲೆಗೇ ಅದನ್ನು ಕೊಡಬೇಕೆಂದು ಮಾವ ನಿಶ್ಚಯಿಸಿದರು. ಕೊಡುವುದು ಸುಲಭದ ಮಾತು. ಮಕ್ಕಳು ಓಡಾಡುವ ಕೋಣೆಯಲ್ಲಿ, ಕಲ್ಲುಗಣಿಯ ಸಿಡಿತಕ್ಕೆ ಕಿಟಕಿ ಅದಿರುವ ಊರಿನಲ್ಲಿ, ತಾವಿಲ್ಲದ ಕಾಲದಲ್ಲೂ ಅದು ನೆಟ್ಟಗೆ ನಿಲ್ಲುವ ಹಾಗೆ ಕೊಡುವುದು ಹೇಗೆ? ಅದಕ್ಕಾಗಿ ನಾವಿಬ್ಬರೂ ಈ ವರ್ಷ ಹೊಸೂರಿನಿಂದ ಕೃಷ್ಣಗಿರಿಗೆ, ಕೃಷ್ಣಗಿರಿಯಿಂದ ತಳಿಗೆ ತಿರುಗಾಡಿದೆವು. ಹುಟ್ಟಿ ಬೆಳೆದ ಸೀಮೆಯೇ ಆದರೂ ಅದರ ಕೆಲವು ಮುಖಗಳು ನನಗೆ ಕಂಡದ್ದು ಆ ತಿರುಗಾಟದಲ್ಲಿ.

ಮೊದಲು ಹಡಗಿನ ಕುಲಗೋತ್ರ. ಅದರ ಮೂಲ ರೂಪ ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ 1869ರ ನವೆಂಬರಿನಲ್ಲಿ ನೀರಿಗಿಳಿದ ‘ಕಟ್ಟಿ ಸಾರ್ಕ್’. ಚೀನಾದಿಂದ ಲಂಡನ್ನಿಗೆ ಚಹಾ ಹೊತ್ತು ತರುವುದಕ್ಕೆಂದು ಕಟ್ಟಿದ, ವೇಗಕ್ಕೆ ಹೆಸರಾದ ನಾವೆ. ಮುಂದೆ ಆಸ್ಟ್ರೇಲಿಯಾದ ಉಣ್ಣೆಯನ್ನೂ ಹೊತ್ತಿತು. ಕಬ್ಬಿಣದ ಪಕ್ಕೆಲುಬುಗಳ ಮೇಲೆ ತೇಗ ಮೊದಲಾದ ಮರದ ಹಲಗೆ ಹೊದಿಸಿದ ಒಡಲು. ಹೆಸರಿನ ಅರ್ಥ ‘ತುಂಡು ಅಂಗಿ’ ಎಂದಾಗುತ್ತದೆ. ರಾಬರ್ಟ್ ಬರ್ನ್ಸ್ ಕವಿಯ ಒಂದು ಕಥನಕವನದ ಮಾಟಗಾತಿ ತೊಟ್ಟ ಅಂಗಿ ಅದು. ಆ ಕವನ ಅಚ್ಚಾದದ್ದು 1791ರಲ್ಲಿ, ಅಂದರೆ ಕಾರ್ನ್‌ವಾಲಿಸನ ದಂಡು ಹೊಸೂರಿನ ಕೋಟೆಯನ್ನು ಹಿಡಿದ ವರ್ಷದಲ್ಲಿ. ಈ ಎರಡಕ್ಕೂ ಸಂಬಂಧವೇನೂ ಇಲ್ಲ. ನೆನಪಿಗೆ ಬಂದದ್ದರಿಂದ ಹೇಳಿದೆ. ಅಮೆರಿಕದ ರೆವೆಲ್ ಕಂಪನಿ 1959ರಲ್ಲಿ ಈ ಹಡಗನ್ನು 96ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ, ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಾಟಕ್ಕೆ ತಂದಿತು. ಅದೇ ಅಚ್ಚಿನ ಒಂದು ಪೆಟ್ಟಿಗೆ ಬಂಧುವೊಬ್ಬರ ಕೈಚೀಲದಲ್ಲಿ ಹೊಸೂರಿಗೆ ಬಂತು.

ಮಾವನನ್ನು ಹಿಡಿದು ನಿಲ್ಲಿಸಿದ್ದು ಹಡಗಲ್ಲ, ಅಚ್ಚು. ಪೆಟ್ಟಿಗೆ ತೆರೆದ ದಿನ ಒಡಲಿನ ಅರ್ಧಭಾಗವನ್ನು ಬೆಳಕಿಗೆ ಹಿಡಿದು ಅವರು ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಬಿಸಿ ಪ್ಲಾಸ್ಟಿಕ್ ಎಲ್ಲಿಂದ ಒಳಹೊಕ್ಕಿದೆ, ಅಚ್ಚಿನ ಎರಡು ಹೋಳುಗಳು ಎಲ್ಲಿ ಕೂಡಿವೆ, ಗಟ್ಟಿಯಾದ ಭಾಗವನ್ನು ಯಾವ ಮೊಳೆ ಹೊರಗೆ ತಳ್ಳಿದೆ ಎಂಬುದನ್ನೆಲ್ಲ ಬೆರಳಿನಿಂದ ತಡವಿ ಹೇಳಿದರು. “ನೋಡಪ್ಪ, ಹಲಗೆಯ ಗೆರೆಯನ್ನ ಉಕ್ಕಿನಲ್ಲಿ ಕೊರೆದೋನು ದೊಡ್ಡ ಕೆಲಸಗಾರ. ಅವನ ಕೈ ಸುಳ್ಳು ಹೇಳಿಲ್ಲ” ಎಂದರು. ಹೊಸೂರನ್ನು ಬಲ್ಲವರಿಗೆ ಈ ಮಾತಿನ ಹಿಂದಿನ ಲೋಕ ಗೊತ್ತು. ಸಿಪ್‌ಕಾಟ್ ಬಂದು, 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್ ಕಾರ್ಖಾನೆಗಳೂ ಆ ದಶಕದಲ್ಲೇ ಟೈಟಾನ್ ಗಡಿಯಾರದ ಕಾರ್ಖಾನೆಯೂ ನೆಲೆಯೂರಿದ ಮೇಲೆ, ರಾಗಿ ಹೊಲದ ಮಕ್ಕಳು ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಕುರಿತು ಮಾತನಾಡುವಂತಾದರು. ಆ ಕಸುಬಿನ ಮೊದಲ ಪಾಠವೇ ವಸ್ತುವನ್ನು ಹಿಡಿಯುವುದು. ಕೆತ್ತುವ ಮುನ್ನ ಹಿಡಿ. ಅಲುಗದ ಹಾಗೆ ಹಿಡಿ. ಆದರೆ ಹಿಡಿತದ ಬಿಗಿಗೇ ಅದು ಬಾಗದ ಹಾಗೆ ಹಿಡಿ. ಹಡಗನ್ನು ನಿಲ್ಲಿಸುವ ವಿದ್ಯೆಯೂ ಇದಕ್ಕಿಂತ ಬೇರೆಯಲ್ಲ.

ನೀರಿನಲ್ಲಿರುವ ಹಡಗನ್ನು ನೀರು ಅಡಿಯ ಅಂಗುಲ ಅಂಗುಲದಲ್ಲೂ ಎತ್ತಿ ಹಿಡಿದಿರುತ್ತದೆ. ನೆಲಕ್ಕೆ ತಂದಾಗ ಆ ಭಾರವೆಲ್ಲ ಅಡಿಯುದ್ದಕ್ಕೂ ಹಾಯ್ದಿರುವ ತೊಲೆಯ ಮೇಲೆ ಬೀಳುತ್ತದೆ. ಪಕ್ಕಗಳು ಹೊರಕ್ಕೆ ಉಬ್ಬತೊಡಗುತ್ತವೆ, ತುದಿಗಳು ಜೋಲುತ್ತವೆ. ನಿಜವಾದ ಕಟ್ಟಿ ಸಾರ್ಕಿಗೆ ಆದದ್ದೂ ಇದೇ. 1954ರಲ್ಲಿ ಅದನ್ನು ಲಂಡನ್ನಿನ ಗ್ರೀನಿಚ್ಚಿನಲ್ಲಿ ನೀರಿಲ್ಲದ ಕಟ್ಟೆಯೊಳಗೆ ನಿಲ್ಲಿಸಿ, 1957ರಲ್ಲಿ ಜನರ ನೋಟಕ್ಕೆ ತೆರೆದರು. ಅರ್ಧ ಶತಮಾನ ತನ್ನ ತೊಲೆಯ ಮೇಲೇ ಕೂತ ಒಡಲು ರೂಪಗೆಟ್ಟಿತು. ದುರಸ್ತಿಗೆಂದು ಬಿಚ್ಚಿಟ್ಟಿದ್ದಾಗಲೇ 2007ರ ಮೇ ತಿಂಗಳಲ್ಲಿ ಬೆಂಕಿಯೂ ಬಿತ್ತು. 2012ರಲ್ಲಿ ಮತ್ತೆ ತೆರೆದಾಗ ಹಡಗು ಕಟ್ಟೆಯ ನೆಲದಿಂದ ಸುಮಾರು 3 ಮೀಟರ್ ಮೇಲೆ, ಉಕ್ಕಿನ ಆನಿಕೆಗಳ ಹಿಡಿತದಲ್ಲಿ ನಿಂತಿತ್ತು; ನೀರಿನ ಗೆರೆಯ ಮಟ್ಟಕ್ಕೆ ಸುತ್ತಲೂ ಗಾಜಿನ ಚಾವಣಿ ಹಬ್ಬಿತ್ತು. ಹಡಗಿನ ಅಂದವಾದ ಒಡಲನ್ನೇ ಗಾಜು ಮರೆಮಾಡಿತೆಂದು ಕೆಲವರು ಕಟುವಾಗಿ ಆಕ್ಷೇಪಿಸಿದರು. ಅಲ್ಲಿನ ಒಂದು ವಾಸ್ತುಪತ್ರಿಕೆ ಆ ವರ್ಷದ ಕುರೂಪ ಕಟ್ಟಡಕ್ಕೆ ಕೊಡುವ ಅಣಕು ಪ್ರಶಸ್ತಿಯನ್ನು ಅದಕ್ಕೇ ಕೊಟ್ಟಿತು.

ಪೋರ್ಟ್ಸ್‌ಮತ್ತಿನಲ್ಲಿ 1922ರಿಂದ ಒಣಕಟ್ಟೆಯಲ್ಲಿ ನಿಂತಿರುವ ನೆಲ್ಸನ್ನನ ‘ವಿಕ್ಟರಿ’ಯ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಹಳೆಯ ಆಧಾರಗಳ ಮೇಲೆ ಅದು ಕುಸಿಯುತ್ತಿದೆಯೆಂದು ಕಂಡ ಮೇಲೆ ಈಚಿನ ವರ್ಷಗಳಲ್ಲಿ 134 ಆನಿಕೆಗಳನ್ನು ಸುತ್ತಲೂ ಕೊಟ್ಟಿದ್ದಾರೆ. ಯಾವ ಆನಿಕೆಯ ಮೇಲೆ ಎಷ್ಟು ಭಾರವಿದೆಯೆಂದು ಅಳೆಯುವ ಏರ್ಪಾಡೂ ಇದೆ. ನೀರು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಇಷ್ಟೆಲ್ಲ ಉಕ್ಕು ಬೇಕಾಯಿತು. ಇನ್ನು ಸ್ವೀಡನ್ನಿನ ‘ವಾಸಾ’ ನೀರಿನ ಮೇಲೆಯೇ ನಿಲ್ಲಲಾರದೆ ಹೋದ ಹಡಗು. ಮೇಲೆ ತೋಪುಗಳ ಭಾರ ಹೆಚ್ಚು, ಅಡಿಯಲ್ಲಿ ಕಲ್ಲಿನ ಭಾರ ಸಾಲದು. 1628ರ ಆಗಸ್ಟಿನಲ್ಲಿ ಮೊದಲ ಯಾನದಲ್ಲೇ ದಡ ಕಣ್ಣಿಗೆ ಕಾಣುತ್ತಿರುವಂತೆ ಮಗುಚಿತು. 1961ರಲ್ಲಿ ಮೇಲೆತ್ತಿದರು. ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಆತುಕೊಂಡಿರುವ ಚೌಕಟ್ಟೂ ಸಾಲದೆಂದು ಹೊಸದರ ಕೆಲಸಕ್ಕೆ ತೊಡಗಿದ್ದಾರೆ.

ಪ್ಲಾಸ್ಟಿಕ್ ಹಡಗಿನ ಕಷ್ಟ ಮತ್ತೊಂದು ಬಗೆಯದು. ಅದು ತನ್ನ ಭಾರಕ್ಕೆ ಕುಸಿಯುವುದಿಲ್ಲ, ಏಕೆಂದರೆ ಅದಕ್ಕೆ ಭಾರವೇ ಇಲ್ಲ. ಒಳಗೆ ಟೊಳ್ಳು, ಎರಡು ಸಿಪ್ಪೆಗಳನ್ನು ಅಂಟಿಸಿದ ಕಡಲೆಕಾಯಿಯಂತೆ. ಮೇಲೆ ಮಾತ್ರ ಕೂವೆಮರ, ಅಡ್ಡಮರ, ನೂರಾರು ಎಳೆ ದಾರ. ತಾಗಿದರೆ ಉರುಳುತ್ತದೆ. ಇಂಥ ಪೆಟ್ಟಿಗೆಗಳ ಜೊತೆ ಬರುವ ತೆಳು ಸ್ಟ್ಯಾಂಡು ಯಾರೂ ಮುಟ್ಟದ ಬೀರುವಿಗೇನೋ ಆದೀತು, ಶಾಲೆಗಾಗದು. ಆದ್ದರಿಂದ ನಿಲ್ಲಿಸುವ ಯೋಚನೆಯನ್ನು ಒಡಲನ್ನು ಮುಚ್ಚುವ ಮೊದಲೇ ಮಾಡಬೇಕು. ಮಾವ ಹಾಗೆಯೇ ಮಾಡಿದ್ದರು. ಅಡಿಯ ತೊಲೆಯ ಮೇಲೆ, ಒಳಗಡೆ, ಎರಡು ತೇಗದ ತುಂಡುಗಳನ್ನು ಎಪಾಕ್ಸಿಯಿಂದ ಕೂರಿಸಿ, ಒಂದೊಂದರಲ್ಲೂ 5 ಮಿಲಿಮೀಟರಿನ ಹಿತ್ತಾಳೆಯ ನಟ್ಟನ್ನು ಹುದುಗಿಸಿದ್ದರು. ಎರಡರ ನಡುವಿನ ಅಂತರ ಸರಿಯಾಗಿ 400 ಮಿಲಿಮೀಟರ್ ಎಂದು ಡೈರಿಯಲ್ಲಿ ಬರೆದಿಟ್ಟಿದ್ದರು. ಒಂದೇ ನಟ್ಟಾದರೆ ಹಡಗು ಬುಗುರಿಯಂತೆ ತಿರುಗುತ್ತದೆ, ಅದಕ್ಕೆ ಎರಡು.

ಅಡಿಭಾರಕ್ಕೆ ಸೀಸದ ಗುಂಡು ಹಾಕಿರೆಂದು ಗೆಳೆಯರೊಬ್ಬರು ಹೇಳಿದ್ದುಂಟು. ಮಾವ ಒಪ್ಪಲಿಲ್ಲ. ಮುಚ್ಚಿದ ಒಡಲಿನಲ್ಲಿ, ಮರದ ಅಂಟಿನಿಂದ ಏಳುವ ಹುಳಿ ಆವಿಗೆ ಸಿಕ್ಕಿದ ಸೀಸ ಮೆಲ್ಲಗೆ ಬಿಳಿಯ ಪುಡಿಯಾಗಿ ಹಿಗ್ಗುತ್ತದೆ. ವರ್ಷಗಳ ಮೇಲೆ ಒಡಲನ್ನೇ ಬಿರಿಯಿಸಿಬಿಡುತ್ತದೆ. ಟೂಲ್ ರೂಮಿನಲ್ಲಿ ಬಿದ್ದಿರುತ್ತಿದ್ದ ಉಕ್ಕಿನ ಸರಳಿನ ತುಂಡುಗಳನ್ನೇ ತೊಳೆದು ಒಣಗಿಸಿ, ಎಪಾಕ್ಸಿಯನ್ನು ಒಂದೇ ಸಲ ಸುರಿಯದೆ ಚಮಚ ಚಮಚವಾಗಿ ಹಾಕಿ ಕೂರಿಸಿದರು. ಎಪಾಕ್ಸಿ ಗಟ್ಟಿಯಾಗುವಾಗ ಕಾಯುತ್ತದೆ, ಹೆಚ್ಚು ಹಾಕಿದರೆ ಆ ಕಾವಿಗೇ ಒಡಲು ಸೊಟ್ಟಗಾಗುತ್ತದೆ. ಕೆಳಗಿನ ಕೂವೆಮರಗಳ ಟೊಳ್ಳಿನಲ್ಲಿ ಸೈಕಲ್ಲಿನ ಕಡ್ಡಿ ಸೇರಿಸಿ ತಳದವರೆಗೆ ಇಳಿಸಿದ್ದರು. ಇಲ್ಲವಾದರೆ ದಾರವನ್ನು ಬಿಗಿದಂತೆಲ್ಲ ಪ್ಲಾಸ್ಟಿಕ್ ಮರಗಳು ಬಿಲ್ಲಾಗುತ್ತವೆ. ದಾರವೂ ಹತ್ತಿಯದಲ್ಲ, ಮಳೆಗಾಲದ ತೇವಕ್ಕೂ ಬೇಸಿಗೆಯ ಒಣಹವೆಗೂ ಹತ್ತಿಯ ಬಿಗಿ ಬದಲಾಗುತ್ತ ಮರವನ್ನು ಎಳೆದಾಡುತ್ತದೆಂದು ದರ್ಜಿಗಳ ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಸವರಿ ಬಳಸಿದ್ದರು.

ಹೀಗೆ ಹಡಗಿನ ಒಡಲೊಳಗೆ ಎರಡು ನಟ್ಟುಗಳು ವರ್ಷಾನುಗಟ್ಟಲೆ ಪೀಠಕ್ಕಾಗಿ ಕಾದಿದ್ದವು. ಪೀಠ ಕಲ್ಲಿನದೇ ಆಗಬೇಕೆಂಬುದು ಮಾವನ ಹಟ. ಮರ ಬಾಗುತ್ತದೆ, ಗೆದ್ದಲಿಗೂ ಪ್ರಿಯ. ಅದಲ್ಲದೆ, ಬಂಡೆಯ ನಾಡಿನಲ್ಲಿದ್ದು ಬೇರೇನನ್ನು ಹುಡುಕುವುದು?

ಹೊಸೂರಿನಿಂದ ಕೃಷ್ಣಗಿರಿಗೆ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಶೂಳಗಿರಿಯ ಬೆಟ್ಟ ಬಲಕ್ಕೋ ಎಡಕ್ಕೋ ಎಂದು ಗೊಂದಲವಾಗುವಷ್ಟು ರಸ್ತೆ ಸುತ್ತುತ್ತದೆ. ಅದನ್ನು ದಾಟಿದ ಮೇಲೆ ನೆಲ ಇಳಿಯತೊಡಗುತ್ತದೆ. ಸುಮಾರು 400 ಮೀಟರ್ ಇಳಿದು ಕೆಳಗಿನ ಬಯಲನ್ನು ಮುಟ್ಟುವಾಗ ಗಾಳಿಯೇ ಬೇರೆಯಾಗುತ್ತದೆ. ರಾಗಿಯ ಹೊಲ ಮುಗಿದು ಮಾವಿನ ತೋಪು ಮೊದಲಾಗುತ್ತದೆ. ಕನ್ನಡ, ತೆಲುಗು ಸದ್ದುಗಳ ನಡುವೆ ತಮಿಳು ಗಟ್ಟಿಯಾಗುತ್ತದೆ. ಬೆನ್ನ ಹಿಂದೆ ಬಾಲಾಘಾಟ್, ಕೆಳಗೆ ಬಾರಾಮಹಲ್ ಎಂದು ಹಳಬರು ಭಾಗ ಮಾಡಿದ್ದು ಈ ಇಳಿಜಾರಿನಲ್ಲಿಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಯ ಪಾಲಾಯಿತು. ಹೊಸೂರಿನ ಮೇಲುಸೀಮೆ ಮಾತ್ರ 1799ರವರೆಗೆ ಮೈಸೂರಿನದಾಗಿಯೇ ಉಳಿಯಿತು.

ಕೃಷ್ಣಗಿರಿಯ ಕೋಟೆಬಂಡೆ ಎದುರಾದಾಗ ಮಾವ ಕಾರನ್ನು ನಿಲ್ಲಿಸಲು ಹೇಳಿದರು. 1791ರ ನವೆಂಬರಿನಲ್ಲಿ ಕಂಪನಿಯ ಪಡೆ ಪೇಟೆಯನ್ನು ಹಿಡಿದೂ ಮೇಲಿನ ಕೋಟೆಯನ್ನು ಹತ್ತಲಾಗದೆ ಹಿಂದಿರುಗಿದ ಬಂಡೆ ಅದು. ಆ ಕೋಟೆಯನ್ನು ಕಳೆದುಕೊಂಡ ನಾಲ್ಕು ವರ್ಷಗಳ ಮೇಲೆ, 1796ರಲ್ಲಿ, ಟಿಪ್ಪು ಸುಲ್ತಾನ ಹಡಗುಪಡೆಯನ್ನು ಕಟ್ಟಲು ಅಪ್ಪಣೆ ಮಾಡಿದ. ಮಂಗಳೂರು, ಮಿರ್ಜಾನಿನ ಸಮೀಪ ಹಾಗೂ ಸದಾಶಿವಗಡಗಳಲ್ಲಿ ನಲವತ್ತರಷ್ಟು ಯುದ್ಧನೌಕೆಗಳನ್ನು ಕಟ್ಟಬೇಕೆಂಬುದು ಯೋಜನೆ. ಆ ಹಡಗುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಕಡಲಿನಿಂದ ಅಷ್ಟು ದೂರದ ಶ್ರೀರಂಗಪಟ್ಟಣದ ಅರಮನೆಯಲ್ಲಿ ಹಡಗಿನ ಮಾದರಿಯನ್ನು ಕುರಿತು ಒಬ್ಬ ಅರಸ ಯೋಚಿಸುತ್ತಿದ್ದನೆಂದರೆ, ಹೊಸೂರಿನ ಮನೆಯೊಂದರಲ್ಲಿ ಹಡಗು ಕಟ್ಟಿದ ನಮ್ಮ ಮಾವನಿಗೂ ಒಂದು ಪರಂಪರೆ ಇದ್ದಂತಾಯಿತು! ಮೂರು ವರ್ಷದಲ್ಲಿ ಸುಲ್ತಾನನೂ ಇಲ್ಲವಾದ, ಆ ಯೋಜನೆಯೂ ಮುಗಿಯಿತು.

ಪಟ್ಟಣದ ಸರಕಾರಿ ವಸ್ತುಸಂಗ್ರಹಾಲಯಕ್ಕೂ ಒಂದು ಗಳಿಗೆ ಹೊಕ್ಕೆವು. ಅಲ್ಲಿನ ವೀರಗಲ್ಲುಗಳನ್ನು ನಾನು ಹಿಂದೆಯೂ ನೋಡಿದ್ದೆ. ಮಾವ ನೋಡಿದ್ದು ಅವುಗಳ ಕಾಲನ್ನು. ಇಂಥ ಕಲ್ಲಿನ ಕೆಳಭಾಗವನ್ನು ಹಳೆಯ ಕಲ್ಕುಟಿಗರು ಏನೂ ಕೆತ್ತದೆ ಬರಿದೆ ಬಿಡುತ್ತಿದ್ದರು, ನೆಲದಲ್ಲಿ ಹೂಳುವುದಕ್ಕೆ. ವೀರನಿಗೆ ಸ್ವರ್ಗ ಕೊಡುವ ಮೊದಲು ಕಲ್ಲಿಗೆ ಬೇರು ಕೊಟ್ಟವರು ಅವರು. ಹೊಸೂರಿನ ಚಂದ್ರಚೂಡೇಶ್ವರನ ತೇರೂ ಹಾಗೆಯೇ: ಎತ್ತರದ ಮೇಲುಭಾಗವೆಲ್ಲ ಬಟ್ಟೆ ಬೊಂಬುಗಳ ಹಗುರ, ಭಾರವೆಲ್ಲ ಕೆಳಗಿನ ಕೆತ್ತನೆಯ ಮರದಲ್ಲಿ. ಅಡಿಭಾರದ ಲೆಕ್ಕವನ್ನು ನಮ್ಮವರು ಕಡಲಿನಿಂದ ಕಲಿಯಬೇಕಾಗಿರಲಿಲ್ಲ.

ಕೃಷ್ಣಗಿರಿ, ಬರಗೂರುಗಳ ನಡುವಣ ರಸ್ತೆಯ ಪಕ್ಕದಲ್ಲಿ ಕಲ್ಲು ಕೊಯ್ಯುವ, ಹೊಳಪು ಕೊಡುವ ಕಾರ್ಖಾನೆಗಳಿವೆ. ‘ಪ್ಯಾರಡೈಸೊ’ ಎಂಬ ಹೆಸರಿನಲ್ಲಿ ಪರದೇಶಗಳಿಗೆ ಹೋಗುವ ನೇರಳೆಗೆಂಪಿನ ಕಲ್ಲು ಈ ನೆಲದ್ದೇ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಲ್ಲಿ ಬೆಂದು ನಲುಗಿದ ಬಂಡೆ. ಕೊಯ್ದು ನುಣುಪು ಮಾಡಿದರೆ ಒಳಗೆ ಸುಳಿಗಳು, ಮಡಿಕೆಗಳು ಕಾಣುತ್ತವೆ. ನಾವು ಹೊಕ್ಕ ಅಂಗಳದಲ್ಲಿ ಅಂಚು ಕತ್ತರಿಸಿ ಎಸೆದ ಹಲಗೆಗಳ ರಾಶಿಯೇ ಇತ್ತು. ಮಾವ ಕೇಳಿದ್ದು 90 ಸೆಂಟಿಮೀಟರ್ ಉದ್ದ, 25 ಅಗಲ, 2 ದಪ್ಪದ ಕರಿಯ ಹಲಗೆ. ಆ ಅಳತೆಯ ಕಲ್ಲು ಸುಮಾರು 12 ಕಿಲೋ ತೂಗುತ್ತದೆ. ಹಡಗು ಎರಡು ಕಿಲೋಗೂ ಕಡಿಮೆ. ಕೆಲಸಗಾರ ಮಾತ್ರ ನೇರಳೆಯ ತುಂಡೊಂದಕ್ಕೆ ನೀರು ಎರಚಿ ತೋರಿಸಿದ. “ಇದ್ರಲ್ಲಿ ಅಲೆ ಐತೆ ಸಾರ್, ಹಡಗಿಗೆ ಇದೇ ಸರಿ” ಎಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಿದ. ಮಾವ ಒಪ್ಪಿಬಿಟ್ಟರು. ನನಗೇನೋ ಕರಿಕಲ್ಲೇ ಮೇಲೆನಿಸಿತ್ತು. ಪೀಠ ಮಾತಾಡತೊಡಗಿದರೆ ಹಡಗಿನ ಮಾತು ಕೇಳುವುದು ಕಷ್ಟ. ಆದರೆ ಕಲ್ಲಿನ ವಿಷಯದಲ್ಲಿ ಕಲ್ಲಿನವನ ಮಾತಿಗೆ ಬೆಲೆ ಕೊಡುವುದು ಮಾವನ ಮರ್ಯಾದೆ.

ವಾದ ಹುಟ್ಟಿದ್ದು ತೂತಿನ ವಿಷಯಕ್ಕೆ. ಹಿಂದಿನ ತೂತು ಬೋಲ್ಟಿಗೆ ಸರಿಯಾದ ದುಂಡು ತೂತಾಗಲಿ, ಮುಂದಿನದು ಮಾತ್ರ ಉದ್ದುದ್ದವಾಗಿರಲಿ ಎಂದು ಮಾವ ಹೇಳಿದರು. ಕಾರಣ ಇಷ್ಟೆ: ಬಿಸಿಲಿಗೆ ಪ್ಲಾಸ್ಟಿಕ್ ಕಲ್ಲಿಗಿಂತ ಎಂಟೊಂಬತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಚಳಿಗಾಲದ ಬೆಳಗಿಗೂ ಬೇಸಿಗೆಯ ಮಧ್ಯಾಹ್ನಕ್ಕೂ 20 ಡಿಗ್ರಿಯ ಅಂತರವೆಂದು ಹಿಡಿದರೆ, 400 ಮಿಲಿಮೀಟರಿನ ದೂರದಲ್ಲಿ ಎರಡರ ಹಿಗ್ಗುವಿಕೆಗೆ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಎರಡು ಕಡೆಯೂ ಬಿಗಿಯಾಗಿ ಹಿಡಿದರೆ ವರ್ಷ ವರ್ಷವೂ ಆ ಅರ್ಧ ಮಿಲಿಮೀಟರ್ ಒಡಲನ್ನು ಎಳೆದು ತಳ್ಳಿ, ಕಡೆಗೆ ಅಂಟು ಬಿಡಿಸುತ್ತದೆ. ಸೇತುವೆಗಳ ಒಂದು ತುದಿಯನ್ನು ಸರಿದಾಡಲು ಬಿಡುವುದೂ ಇದಕ್ಕೇ. ಕೆಲಸಗಾರ ಎಲ್ಲವನ್ನೂ ಕೇಳಿ ತಲೆಯಾಡಿಸಿದ. ಎರಡು ಸೆಂಟಿಮೀಟರಿನ ಕಲ್ಲಿಗೆ ಉದ್ದ ತೂತು ಹಾಕಿದರೆ ಅದರ ಮೂಲೆಯಿಂದಲೇ ಸೀಳು ಓಡುತ್ತದೆ, ಕಲ್ಲಿಗೆ ಮೂಲೆ ಆಗದು ಎಂದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕಲ್ಲನ್ನು ನೋಡುತ್ತ ಕುಳಿತರು. ಆಮೇಲೆ ಅವನೇ ದಾರಿ ಹೇಳಿದ: ಮುಂದಿನ ತೂತನ್ನೂ ದುಂಡಗೆ, ಆದರೆ 12 ಮಿಲಿಮೀಟರಿಗೆ ಕೊರೆಯುವುದು, ಕೆಳಗಿನಿಂದ ಅಗಲವಾದ ವಾಷರ್ ಹಾಕಿದರೆ 5 ಮಿಲಿಮೀಟರಿನ ಬೋಲ್ಟು ಅದರೊಳಗೆ ಬೇಕಾದತ್ತ ಸರಿಯುತ್ತದೆ. ಮಾವ ನಕ್ಕು, “ಇದು ನನಗೆ ಹೊಳೀಲಿಲ್ಲವಲ್ಲಪ್ಪ” ಎಂದರು. ವಜ್ರದ ಹುಡಿ ಕೂಡಿಸಿದ ಕೊಳವೆಬಿಟ್ಟಿಗೆ ನೀರು ಬಿಡುತ್ತ ಕೊರೆದದ್ದು ಇಪ್ಪತ್ತು ನಿಮಿಷದ ಕೆಲಸ. ಬೋಲ್ಟಿನ ತಲೆ ಅಡಗುವಂತೆ ಅಡಿಯಿಂದ ಅರ್ಧ ದಪ್ಪದವರೆಗೆ ಅಗಲ ಗುಳಿಯನ್ನೂ ಅವನೇ ತೆಗೆದುಕೊಟ್ಟ. ತೂತಿನ ಕೂಲಿ ತೆಗೆದುಕೊಂಡ, ಕಲ್ಲಿಗೆ ಕಾಸು ಬೇಡವೆಂದ. ಶಾಲೆಗೆ ಎಂದು ಯಾರೋ ಹೇಳಿಬಿಟ್ಟಿದ್ದರು.

ಹೊಸೂರಿಗೆ ಹಿಂದಿರುಗಿದ ಮೇಲಿನ ಕೆಲಸವೆಲ್ಲ ಮಾವನ ಹಳೆಯ ಶಿಷ್ಯನೊಬ್ಬನ ಲೇತ್ ಶೆಡ್ಡಿನಲ್ಲಿ ನಡೆಯಿತು. ಎರಡು ಹಿತ್ತಾಳೆಯ ಕಂಬಗಳನ್ನು ಕಡೆದು, ತೊಲೆ ಕೂರುವಂತೆ ತಲೆಯ ಮೇಲೆ ಕಚ್ಚು ತೆಗೆದರು. ಕಂಬಗಳು ಒಂದೇ ಎತ್ತರದವಲ್ಲ. ಹಡಗಿನಲ್ಲಿ ಮಟ್ಟವಾಗಿರಬೇಕಾದದ್ದು ಅಡಿಯ ತೊಲೆಯಲ್ಲ, ನೀರಿನ ಗೆರೆ. ಅಳೆಯುವ ಯಂತ್ರಗಳನ್ನಿಡುವ ಕಲ್ಲಿನ ಸಮತಟ್ಟು ಹಲಗೆಯ ಮೇಲೆ ಹಡಗನ್ನು ಕೂರಿಸಿ, ಎತ್ತರ ಅಳೆಯುವ ಮುಳ್ಳನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ ನೋಡಿದಾಗ, ಮುಂದಿನ ಕಂಬ ಒಂದೂವರೆ ಮಿಲಿಮೀಟರ್ ಹೆಚ್ಚಿರಬೇಕೆಂದು ತಿಳಿಯಿತು. ಇಷ್ಟನ್ನು ಯಾರು ಗಮನಿಸುತ್ತಾರೆಂದು ಕೇಳಬಹುದು. ಯಾರೂ ಗಮನಿಸುವುದಿಲ್ಲ, ಆದರೆ ತಲೆ ತಗ್ಗಿಸಿದ ಹಡಗನ್ನು ನೋಡಿದವರಿಗೆ ಏನೋ ಸರಿಯಿಲ್ಲವೆಂದು ಅನ್ನಿಸದೆ ಇರದು. ಪೀಠದ ಅಡಿಗೆ ರಬ್ಬರಿನ ಪಾದಗಳು ಮೂರೇ. ನಾಲ್ಕು ಕಾಲಿನ ಮೇಜು ಕುಂಟುವುದನ್ನು ಎಲ್ಲರೂ ಕಂಡಿದ್ದೇವೆ. ಮೂರು ಕಾಲಿನದು ಎಂಥ ನೆಲದಲ್ಲೂ ಕುಂಟದು.

ಬೋಲ್ಟು ತಿರುಗಿಸುವ ಹೊತ್ತಿಗೆ ಮಾವ ಸ್ಪ್ಯಾನರನ್ನು ಶಿಷ್ಯನ ಕೈಗೆ ಕೊಟ್ಟರು. ತಾವು ಕಣ್ಣು ಮುಚ್ಚಿ ಒಡಲಿನ ಮೇಲೆ ಎಡಗೈ ಇಟ್ಟುಕೊಂಡು, “ಸಾಕು” ಎಂದಷ್ಟೇ ಹೇಳಿದರು. ಪ್ಲಾಸ್ಟಿಕ್ಕನ್ನು ಬಿಗಿಯುವುದಕ್ಕೆ ಬಲ ಬೇಡ, ನಿಲ್ಲಿಸುವ ಜಾಗ ಗೊತ್ತಿರಬೇಕು. ಹಿಂದಿನದು ತುಸು ಬಿಗಿ, ಮುಂದಿನದು ನಾರಿನ ವಾಷರಿನ ಮೇಲೆ ಬರಿಯ ಆನಿಕೆ.

ಹೊಸೂರಿನಿಂದ ತಳಿಗೆ ಹೋಗುವ ರಸ್ತೆಯಲ್ಲಿ ಎಷ್ಟು ಹಂಪುಗಳಿವೆಯೆಂದು ಎಣಿಸಬೇಕಾದರೆ ಮಡಿಲ ಪಕ್ಕದಲ್ಲಿ ಹಾಯಿಹಡಗು ಇಟ್ಟುಕೊಂಡು ಹೊರಡಬೇಕು. ಕಂಬಳಿಯ ಮೇಲೆ ಪೀಠವನ್ನಿಟ್ಟು, ಕೂವೆಮರಗಳಿಗೆ ಏನೂ ತಾಗದಂತೆ ಮೇಲೆ ಬಯಲು ಬಿಟ್ಟಿದ್ದೆವು. ಮೇಲುಸೀಮೆಯ ಈ ಮೂಲೆ ತಂಪು. ಇಂಗ್ಲಿಷರು ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರಂತೆ. ನಮಗೆ ಇದರ ಹೆಮ್ಮೆ ಬೇರೆ. ಶೂನ್ಯಸಂಪಾದನೆಯನ್ನು ಸಂಕಲಿಸಿದವರಲ್ಲಿ ಒಬ್ಬರಾದ ಗುಮ್ಮಳಾಪುರದ ಸಿದ್ಧಲಿಂಗಯತಿಗಳ ಹೆಸರಿನಲ್ಲಿರುವ ಊರು ಈ ಸುತ್ತಿನದೇ. ಅಂಥ ನೆಲದಲ್ಲಿ ಕನ್ನಡ ಶಾಲೆಗಳ ಹಾಜರಿ ಪುಸ್ತಕ ವರ್ಷ ವರ್ಷಕ್ಕೆ ತೆಳ್ಳಗಾಗುತ್ತಿದೆ. ನಾವು ಹೋದ ಶಾಲೆಯಲ್ಲೂ ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕೂತಿದ್ದವು.

ಮುಖ್ಯೋಪಾಧ್ಯಾಯಿನಿಯವರು ಹಡಗಿಗೆ ಕಿಟಕಿಯೆದುರಿನ ಮೇಜನ್ನು ಅಣಿ ಮಾಡಿಸಿದ್ದರು, ಬೆಳಕು ಚೆನ್ನಾಗಿ ಬೀಳಲೆಂದು. ಮಾವ ವಿನಯದಿಂದಲೇ ಬೇಡವೆಂದರು. ನೇರ ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗಿ, ಒಣಗಿದ ಹಪ್ಪಳದಂತೆ ಪೆಡಸಾಗುತ್ತದೆ. ಕಡೆಗೆ ಉತ್ತರದ ಕಲ್ಲುಗೋಡೆಯ ಗೂಡನ್ನು ಆರಿಸಿ, ರಸಮಟ್ಟವಿಟ್ಟು ನೋಡಿ ಕೂರಿಸಿದೆವು. ಮೇಲೆ ಗಾಜಿನ ಪೆಟ್ಟಿಗೆ. ಅಕ್ರಿಲಿಕ್ಕಾದರೆ ಹಗುರ, ಆದರೆ ಒರೆಸಿದಷ್ಟೂ ಗೀರು ಬೀಳುತ್ತದೆ, ದೂಳನ್ನೂ ಎಳೆದುಕೊಳ್ಳುತ್ತದೆ. ಒಳಗಿನ ಬಣ್ಣ, ಅಂಟುಗಳ ಆವಿ ಹೊರಹೋಗಲೆಂದು ಹಿಂಬದಿಯ ಚೌಕಟ್ಟಿನಲ್ಲಿ ಸಣ್ಣ ಬಲೆ ಹೊದಿಸಿದ ಎರಡು ತೂತುಗಳಿವೆ.

ಮಕ್ಕಳಿಗೆ ಹಡಗಿನ ಹೆಸರು ಕೇಳಿ ನಗು. ‘ಕಟ್ಟಿ’ ಎಂದರೆ ಅವರಿಗೆ ತಿಳಿದ ಅರ್ಥವೇ ಬೇರೆ. “ಯಾರು ಕಟ್ಟಿದ್ದು?” ಎಂದು ಒಬ್ಬ ಕೇಳಿದ, “ತಾತಾ, ಭೂಕಂಪ ಬಂದ್ರೂ ಬೀಳಲ್ವಾ?” ಎಂದು ಮತ್ತೊಬ್ಬಳು. ಮಾವ ಅವಳ ಕೈಯಿಂದಲೇ ಪೀಠವನ್ನು ಮೆಲ್ಲಗೆ ತಳ್ಳಿಸಿದರು. ಕಲ್ಲು ಮಿಸುಕಲಿಲ್ಲ; ಕೂವೆಮರದ ತುದಿ ಒಮ್ಮೆ ನಡುಗಿ ಸುಮ್ಮನಾಯಿತು. ಮಧ್ಯಾಹ್ನ ದೂರದ ಗಣಿಯಲ್ಲಿ ಸಿಡಿತವಾಯಿತು. ಕಿಟಕಿಯ ಗಾಜುಗಳು ಗಲಗಲ ಎಂದವು. ಎಲ್ಲರೂ ಹಡಗಿನ ಕಡೆ ತಿರುಗಿ ನೋಡಿದರು. ಆಗ ತುದಿಯೂ ನಡುಗಲಿಲ್ಲ, ರಬ್ಬರಿನ ಪಾದಗಳು ಅದನ್ನು ಅಲ್ಲೇ ನುಂಗಿಕೊಂಡಿದ್ದವು.

ಒಂದು ವಿಷಯ ನನಗೆ ಮೊದಲಿನಿಂದಲೂ ಪ್ರಶ್ನೆಯಾಗಿತ್ತು. ಇಷ್ಟೆಲ್ಲ ಭದ್ರತೆ ಬೇಕಾದವರು ಎಪಾಕ್ಸಿ ಹಾಕಿ ಹಡಗನ್ನು ಕಲ್ಲಿಗೆ ಅಂಟಿಸಿಬಿಡಬಹುದಿತ್ತಲ್ಲ? ಕೇಳಿದಾಗ ಮಾವ, “ಅಂಟಿಸಿದ್ದನ್ನ ಬಿಡಿಸೋಕೆ ಒಡೀಬೇಕು. ಇದು ಇಲ್ಲೇ ಇರತ್ತೆ ಅಂತ ಯಾರು ಹೇಳೋರು?” ಎಂದರು. ಅವರು ಹೇಳಿದ್ದು ಹಡಗನ್ನೋ ಶಾಲೆಯನ್ನೋ ಎಂದು ನಾನು ಮತ್ತೆ ಕೇಳಲಿಲ್ಲ.

ಪೀಠದ ಅಡಿಯಲ್ಲಿ ಒಂದು ಕಾಗದವನ್ನು ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ನಡುಗುವ ಕೈಯಲ್ಲಿ ಬರೆದ ದಪ್ಪ ಅಕ್ಷರ. ಗಾಜಿನ ಪೆಟ್ಟಿಗೆಯನ್ನು ಇಬ್ಬರು ನೇರವಾಗಿ ಮೇಲೆತ್ತುವುದು. ಕೂವೆಮರಗಳನ್ನು ಹಿಡಿಯಕೂಡದು. ಪೀಠವನ್ನು ಮೇಜಿನ ಅಂಚಿಗೆ ಸರಿಸಿ, ಒಬ್ಬರು ಒಡಲನ್ನು ಎರಡು ಕೈಯಿಂದ ಆತುಕೊಂಡಿರುವಾಗ, ಇನ್ನೊಬ್ಬರು 8ನೆಯ ನಂಬರಿನ ಸ್ಪ್ಯಾನರಿನಿಂದ ಮೊದಲು ಮುಂದಿನ ಬೋಲ್ಟನ್ನೂ ಆಮೇಲೆ ಹಿಂದಿನದನ್ನೂ ಬಿಚ್ಚುವುದು. ಮತ್ತೆ ಕೂರಿಸುವಾಗ ಹಿಂದಿನದು ಮೊದಲು. ಪಕ್ಕದಲ್ಲೇ ಒಂದು ಪುಟ್ಟ ಚೀಲದಲ್ಲಿ ಸ್ಪ್ಯಾನರ್, ಎರಡು ಹೆಚ್ಚಿನ ಬೋಲ್ಟು, ನಾಲ್ಕು ವಾಷರುಗಳನ್ನು ಇಟ್ಟಿದ್ದಾರೆ. ಕನ್ನಡದಲ್ಲಿ ಬರೆದು ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿ, ಅದರ ಕೆಳಗೆ ತಮಿಳಿನಲ್ಲಿಯೂ ಅದನ್ನೇ ಬರೆಸಿದರು.